ಅವ್ವ ರೊಟ್ಟಿ ಬಡಿದರೆ ಊರಿನ ಟಿವಿ ನಡುಗುತ್ತಿತ್ತು

ಮಾನ್ವಿಯ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದು ಓಣಿಯವರಿಗೆ ಹೊಗೆಯಿಂದ ತಿಳಿಯುತ್ತಿರಲಿಲ್ಲ, ಟಿವಿಯಿಂದ ತಿಳಿಯುತ್ತಿತ್ತು. ಅವ್ವ ಜೋಳದ ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಬಡಿಯಲು ಶುರುಮಾಡಿದಳೆಂದರೆ ಅರ್ಧ ಊರಿನ ಮನೆಗಳಲ್ಲಿ ವಾರ್ತೆ ಓದುವವನ ಮುಖ ನಡುಗುತ್ತಿತ್ತು. ಅಪ್ಪ ಕೇಬಲ್ ನಡೆಸುತ್ತಿದ್ದ. ಮಾಳಿಗೆಯ ಮೇಲೆ ದೊಡ್ಡ ದೊಡ್ಡ ಡಿಶ್‌ಗಳಿದ್ದವು. ಓಣಿಯವರು ಅವುಗಳನ್ನು ಛತ್ರಿ ಅನ್ನುತ್ತಿದ್ದರು. ಅವುಗಳಿಂದ ಇಳಿದ ವೈರುಗಳು ಅಡುಗೆಮನೆಗೆ ಅಂಟಿದ ಒಂದು ಸಣ್ಣ ಕೋಣೆಗೆ ಬರುತ್ತಿದ್ದವು. ಅಲ್ಲಿ ಗೋಡೆಗೆ ಹೊಡೆದ ಹಲಗೆಗಳ ಮೇಲೆ ಒಂದೊಂದು ಚಾನೆಲ್ಲಿಗೆ ಒಂದೊಂದು ಡಬ್ಬಿ. ಅದೇ ಗೋಡೆಯ ಈಚೆ ಬದಿಗೆ, ಗೋಡೆಯೊಳಗೇ ಕೂರಿಸಿದ ರೊಟ್ಟಿಯ ಕಲ್ಲು. ಹಲಗೆಯ ಕೊನೆಯಲ್ಲಿದ್ದ ವಾರ್ತೆ ಚಾನೆಲ್ಲಿನ ಡಬ್ಬಿಯಲ್ಲಿ ವೈರು ಸಿಗಿಸುವ ಬಾಯಿ ಸವೆದು ಸಡಿಲವಾಗಿತ್ತು. ಈಚೆ ಅವ್ವ ಬಡಿದರೆ ಆಚೆ ಡಬ್ಬಿ ಅಲುಗುತ್ತಿತ್ತು, ಡಬ್ಬಿ ಅಲುಗಿದರೆ ಊರು ಅಲುಗುತ್ತಿತ್ತು. ವೈರು ಜಾರಿ ಹೋದ ಚಿತ್ರ ಒಮ್ಮೊಮ್ಮೆ ಅವಳ ಏಟಿಗೇ ವಾಪಸು ಬರುತ್ತಿತ್ತು. ಅಪ್ಪ ಅದಕ್ಕೆ ಬೆಸುಗೆ ಹಾಕಿಸುತ್ತೇನೆ ಅನ್ನುತ್ತಲೇ ಇದ್ದ. ಅಲ್ಲಿಯವರೆಗೆ ಇರಲಿ ಎಂದು ಡಬ್ಬಿಯ ಕೆಳಗೆ ನನ್ನ ಹಳೆಯ ನೋಟುಬುಕ್ಕಿನ ರಟ್ಟನ್ನು ಮಡಚಿ ಇಟ್ಟಿದ್ದ.

ಆ ಕೋಣೆ ನಮಗೆ ದೇವರ ಕೋಣೆಗಿಂತ ಹೆಚ್ಚು. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿರಲಿಲ್ಲ. ಅಮಾವಾಸ್ಯೆಗೆ ಡಬ್ಬಿಗಳಿಗೆಲ್ಲ ವಿಭೂತಿ, ಕುಂಕುಮ, ಬಾಗಿಲಿಗೆ ನಿಂಬೆಹಣ್ಣು. ಬೇಸಿಗೆಯಲ್ಲಿ ನಮಗೆ ಫ್ಯಾನ್ ಇರಲಿ ಬಿಡಲಿ, ಡಬ್ಬಿಗಳಿಗೆ ಇರಬೇಕು. ಮಧ್ಯಾಹ್ನ ನಾನೂ ತಮ್ಮನೂ ಆ ಗಾಳಿಯ ಆಸೆಗೆ ಅಲ್ಲೇ ನೆಲದ ಮೇಲೆ ಮಲಗುತ್ತಿದ್ದೆವು. ಅಪ್ಪನದೊಂದು ನೇಮವಿತ್ತು: ದೀಪ ಹಚ್ಚುವ ಹೊತ್ತಿನಲ್ಲಿ ನಡೆಯುವ ಯಂತ್ರವನ್ನು ಆರಿಸಬಾರದು. ಏನು ಕೆಟ್ಟರೂ ವೈರು ತೆಗೆದು ನೋಡುತ್ತಿದ್ದನೇ ಹೊರತು ಸ್ವಿಚ್ಚಿಗೆ ಕೈ ಹಾಕುತ್ತಿರಲಿಲ್ಲ. ಅವ್ವ ಇದಕ್ಕೆ ನಗುತ್ತಿದ್ದಳು. ಆದರೆ ತಾನು ದೀಪ ಹಚ್ಚಿದ ಮೇಲೆ ಉಪ್ಪು ಕೊಡುತ್ತಿರಲಿಲ್ಲ.

ಚಿತ್ರ ಹೋದರೆ ಜನ ನೇರವಾಗಿ ಮನೆಗೇ ಬರುತ್ತಿದ್ದರು. ಮೊದಲು ಬರುವವಳು ಪಕ್ಕದ ಮನೆಯ ಖೈರೂನಬಿ. ಬಳೆ ಮಲಾರ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಬಳೆ ತೊಡಿಸುವವಳು, ಸಂಜೆ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಮನೆ ಸೇರುವವಳು.

"ಏ ಬಸಣ್ಣಾ, ನಮ್ದು ಸೀರಿಯಲ್ ಹೋಗ್ಯಾದ ನೋಡೋ! ಅತ್ತಿ ಹಾಲಿನ್ಯಾಗ ಏನೋ ಕಲಸಾಕತ್ತಿದ್ಲು, ಅಷ್ಟ್ರಾಗ ಹೋತು. ಸೊಸಿ ಕುಡುದ್ಲೋ ಬಿಟ್ಲೋ, ನಂಗ ಹೆಂಗ ನಿದ್ದಿ ಬರಬೇಕು?"

"ಬಂತು ಖಾಲಾ, ಬಂತು. ಛತ್ರಿ ಮ್ಯಾಲ ಕಾಗಿ ಕುಂತಿತ್ತು," ಅನ್ನುತ್ತಿದ್ದ ಅಪ್ಪ.

"ದಿನಾ ಅದೇ ಕಾಗಿ! ನಿನ್ನ ಕಾಗೀಗೂ ನಮ್ಮ ಅತ್ತಿ ಸೊಸಿ ಮ್ಯಾಲೇ ಕಣ್ಣು."

ಕಾಗೆ ನಮ್ಮ ಮನೆಯ ಸುಳ್ಳಾಗಿತ್ತು. ಮಳೆ ಬಂದರೂ ಕಾಗೆ, ಕರೆಂಟು ಹೆಚ್ಚುಕಡಿಮೆಯಾದರೂ ಕಾಗೆ. ದೊಡ್ಡವರ ಕಡೆಯಿಂದ ಮಾತು ಬಂದಾಗಲೂ ಕಾಗೆ. ದೊಡ್ಡವರು ಎಂದರೆ ನಮ್ಮ ಭಾಗದ ನಾಯಕರು. ಅವರ ಹೆಸರನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ. ಅವರ ಹುಟ್ಟುಹಬ್ಬಕ್ಕೆ ಅಪ್ಪನ ಲೋಕಲ್ ಚಾನೆಲ್ಲಿನಲ್ಲಿ ಇಡೀ ದಿನ ಅವರ ಫೋಟೋ ನಿಲ್ಲುತ್ತಿತ್ತು. ತಾಲೂಕು ಕಚೇರಿಯವರು ಬಂದು ಸರಕಾರದ ಚಾನೆಲ್ ಸರಿಯಾಗಿ ಬರುತ್ತದೋ ಇಲ್ಲವೋ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಅಪ್ಪ ಯಾರಿಗೂ ಇಲ್ಲ ಅಂದವನಲ್ಲ. ನಮ್ಮ ವೈರುಗಳೆಲ್ಲ ಕರೆಂಟಿನ ಕಂಬಗಳ ಮೇಲೆ ಹಾದುಹೋಗಿದ್ದವು, ಕಂಬಗಳು ಸರಕಾರದವು. ಅಪ್ಪ ರಸ್ತೆಯಲ್ಲಿ ನಡೆಯುವಾಗ ಜನರ ಮುಖ ನೋಡುತ್ತಿರಲಿಲ್ಲ, ತಲೆ ಎತ್ತಿ ಕಂಬಗಳನ್ನೇ ನೋಡುತ್ತ ನಡೆಯುತ್ತಿದ್ದ.

ಚಿಕ್ಕವ್ವನ ಫೋನು ಬಂದದ್ದು ಒಂದು ಮುಂಜಾನೆ. ಅವ್ವನ ತಂಗಿ, ದೇವದುರ್ಗಕ್ಕೆ ಕೊಟ್ಟ ಹೆಣ್ಣುಮಗಳು. ಗಂಡ ಹಮಾಲಿ, ಮನೆ ತುಂಬ ಮಕ್ಕಳು. ಫೋನಿನಲ್ಲಿ ಕೂಗಿಯೇ ಮಾತಾಡುವವಳಾದ್ದರಿಂದ ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳಿತು.

"ಯಕ್ಕಾ, ನಾಳಿ ಸಂಜಿಗಿ ನಾ ಟಿವಿಯಾಗ ಬರ್ತೀನಿ. ವಾರ್ತಿಯಾಗ! ರೇಷನ್ ಅಂಗಡಿ ಮುಂದ ಕ್ಯಾಮರಾದವರು ಬಂದಿದ್ರು. ಎಲ್ಲಾರೂ ಹಿಂದಕ ಸರದ್ರು, ನಾ ಹೇಳಿಬಿಟ್ಟೀನಿ."

"ಏನ ಹೇಳಿದೆ ಬೇ?"

"ಇದ್ದದ್ದ ಹೇಳೀನಿ. ನಮ್ಮ ಅಕ್ಕಿ ಲಾರಿ ಹತ್ತಿ ಮಿಲ್ಲಿಗಿ ಹೋಗ್ತದ, ಚೀಲ ಬದಲಿ ಮಾಡ್ಕೊಂಡು ಪ್ಯಾಟಿಗಿ ಬರ್ತದ ಅಂತ. ಮಿಲ್ಲು ಯಾರದು ಅಂತನೂ ಹೇಳೀನಿ. ನೀ ನೋಡು ಯಕ್ಕಾ. ನಿಮ್ಮ ಮನೀದೇ ಟಿವಿ ಅದ."

ಮಿಲ್ಲು ದೊಡ್ಡವರ ಅಳಿಯನದು. ಅವ್ವ ಫೋನಿಟ್ಟು ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಖೈರೂನಬಿಗೆ ಹೇಳಿದಳು. ಅಪ್ಪನಿಗೆ ಹೇಳಲಿಲ್ಲ. ಖೈರೂನಬಿಗೆ ಹೇಳಿದರೆ ಊರಿಗೆ ಹೇಳಿದಂತೆ. ಮರುದಿನ ಮಧ್ಯಾಹ್ನದೊಳಗೆ ಬಳೆ ತೊಡಿಸಿಕೊಂಡ ಕೈಗಳೆಲ್ಲ ಸಂಜೆಯ ವಾರ್ತೆಗೆ ಕಾಯುತ್ತಿದ್ದವು. ಧಾರಾವಾಹಿ ಬಿಟ್ಟು ಬೇರೇನೂ ಕೇಳದವರು ಅಪ್ಪನಿಗೆ ದಾರಿಯಲ್ಲಿ ಹೇಳಿದರಂತೆ, "ಬಸಣ್ಣಾ, ಇವತ್ತರ ಕಾಗೀನ ಓಡಿಸಪ್ಪಾ." ಅಪ್ಪನಿಗೆ ಅರ್ಥವಾಗಿರಲಿಲ್ಲ.

ಅರ್ಥ ಮಾಡಿಸಲು ವೀರೇಶ ಬಂದ. ದೊಡ್ಡವರ ಹಿಂದೆ ಮುಂದೆ ಇರುವವನು, ಅಪ್ಪನ ಜೊತೆ ಶಾಲೆಯಲ್ಲಿ ಓದಿದವನು. ಬಿಳಿ ಅಂಗಿ, ಮೆತ್ತಗಿನ ಮಾತು. ಚಪ್ಪಲಿಯನ್ನು ಹೊರಗೆ ಬಿಟ್ಟು, ಅವ್ವನಿಗೆ ಕೈಮುಗಿದು ಪಡಸಾಲೆಯಲ್ಲಿ ಕೂತ.

"ಏನಿಲ್ಲ ಬಸಣ್ಣ. ಸಂಜಿಗಿ ಆ ಒಂದು ಚಾನೆಲ್ ತುಸು ಹೊತ್ತು ಬ್ಯಾಡ. ದೇವದುರ್ಗದಾಗ ಹೇಳಾಗ್ಯಾದ, ರಾಯಚೂರಾಗೂ ಹೇಳಾಗ್ಯಾದ. ಎಲ್ಲಾರೂ ಹ್ಞೂಂ ಅಂದಾರ."

"ಜನ ಕೇಳ್ತಾರಲ್ಲೋ ವೀರೇಶ. ರೊಕ್ಕ ಕೊಟ್ಟು ನೋಡೋ ಮಂದಿ."

"ಜನಕ್ಕ ನಿನ್ನ ಕಾಗಿ ಅದಲ್ಲ." ನಕ್ಕ. "ನಿನ್ನ ವೈರು ಯಾರ ಕಂಬದ ಮ್ಯಾಲ ಅದಾವು ಹೇಳು? ನಾ ಕೇಳಾಕತ್ತಿಲ್ಲಪ. ನಾಳಿ ಯಾರರ ಕೇಳಬಾರದಲ್ಲ, ಅದಕ್ಕ ಹೇಳಾಕತ್ತೀನಿ."

ಅಪ್ಪ ಬಾಗಿಲಿನಿಂದ ಕಾಣುತ್ತಿದ್ದ ಕಂಬವನ್ನು ನೋಡಿದ. ವೀರೇಶ ಸಂಜೆಯವರೆಗೆ ಇಲ್ಲೇ ಕೂರುತ್ತೇನೆ, ವಾರ್ತೆ ಮುಗಿದ ಮೇಲೆ ಹೋಗುತ್ತೇನೆ ಎಂದ. ಒಳಗೆ ಅವ್ವ ಚಹಾ ಸೋಸುತ್ತಿದ್ದಳು. ಎಂದೂ ಚೆಲ್ಲದವಳು ಅವತ್ತು ಬಸಿಯ ತುಂಬ ಚೆಲ್ಲಿದಳು.

"ಇಷ್ಟು ದಿನ ಕಾಗಿ ಮಾಳಿಗಿ ಮ್ಯಾಲ ಕುಂದ್ರತಿತ್ತು," ಅಂದಳು, ನನಗೋ ಒಲೆಗೋ ತಿಳಿಯದ ಹಾಗೆ. "ಇವತ್ತು ಒಳಗ ಬಂದು ಕುಂತದ."

ಅಪ್ಪ ಅಡುಗೆಮನೆಗೆ ಬಂದಾಗ ಅವಳು ತಂಗಿಯ ವಿಷಯ ಹೇಳಿದಳು. ನಾನು ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅಪ್ಪನ ಮುಖ ಬೂದಿಯಂತಾಯಿತು.

"ಅಕಿ ಯಾಕ ಬಾಯಿ ತೆರದ್ಲು? ಅಷ್ಟು ಮಂದಿಯಾಗ ಅಕಿಗೇ ಬೇಕಾಗಿತ್ತೇನು?"

"ಅಷ್ಟು ಮಂದಿಯಾಗ ಯಾರರ ಒಬ್ರು ತೆರೀಬೇಕಿತ್ತಲ್ಲ."

"ಕಂಬ ಹೋದ್ರ ನಾಳಿ ಏನ ತಿಂತೀವಿ?"

"ನಾ ಏನರ ಅಂದ್ನೇನು? ನಿಮ್ಮ ಚಾನೆಲ್ಲು, ನಿಮ್ಮ ಕಂಬ. ಮುಚ್ಚಬೇಕಂದ್ರ ಮುಚ್ರಿ. ಅಕಿ ಫೋನ್ ಮಾಡಿ ಕಂಡ್ನೇನು ಅಂತ ಕೇಳಿದ್ರ ಕಾಗಿ ಕುಂತಿತ್ತು ಅಂತೀನಿ."

ಅವರಿಬ್ಬರ ಜಗಳಗಳನ್ನು ನಾನು ಬಹಳ ನೋಡಿದ್ದೆ. ಕೂಗಾಡುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು, ಊಟದ ಹೊತ್ತಿಗೆ ಸರಿಹೋಗುತ್ತಿತ್ತು. ಅವತ್ತು ಪಡಸಾಲೆಯಲ್ಲಿ ಮನುಷ್ಯ ಕೂತಿದ್ದರಿಂದ ಇಬ್ಬರೂ ಪಿಸುಮಾತಿನಲ್ಲಿ ಜಗಳವಾಡಿದರು. ಪಿಸುಮಾತಿನ ಜಗಳ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಹೊತ್ತು ಮುಳುಗಿತು. ಅವ್ವ ದೀಪ ಹಚ್ಚಿದಳು. ವಾರ್ತೆ ಶುರುವಾಗುವ ಮೊದಲು ಅಪ್ಪ ಕೋಣೆಗೆ ಹೋದ, ವೀರೇಶ ಬಾಗಿಲಲ್ಲಿ ನಿಂತು ನೋಡಿದ. ಅಪ್ಪ ಸ್ವಿಚ್ಚು ಮುಟ್ಟಲಿಲ್ಲ, ಕೊನೆಯ ಡಬ್ಬಿಯ ಹಿಂದೆ ಕೈ ಹಾಕಿ ವೈರು ತೆಗೆದ. ಪಡಸಾಲೆಯ ಟಿವಿಯಲ್ಲಿ ಚಿತ್ರ ಹೋಗಿ ಉಸುಕು ಸುರಿದಂತೆ ಕಪ್ಪು ಬಿಳಿ ಚುಕ್ಕೆಗಳು ಬಂದವು. ವೀರೇಶ ಸಮಾಧಾನದಿಂದ ಬಂದು ಕೂತು, ಕಾಲು ಮಡಚಿಕೊಂಡ. ಹೊರಗೆ ಓಣಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗು ಶುರುವಾಗಿತ್ತು. "ನಿಮ್ಮದೂ ಹೋಗ್ಯಾದೇನು?" "ಹೋಗ್ಯಾದವ್ವಾ!"

ಆಗ ಅವ್ವ ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದಳು.

"ಹೊತ್ತು ಮುಳುಗಿದ ಮ್ಯಾಲ ಮನ್ಯಾಗ ಕುಂತವರು ಬರೇ ಚಾ ಕುಡುದು ಹೋದ್ರ ಹೆಂಗ್ರಿ? ಎರಡು ರೊಟ್ಟಿ ತಿಂದ ಹೋಗ್ರಿ."

"ಬ್ಯಾಡ್ರಿ ಅಕ್ಕಾ, ಯಾಕ ತ್ರಾಸು."

"ತ್ರಾಸು ಏನು ಬಂತು? ಪುಂಡಿಪಲ್ಲೆ ಅದ. ಬಿಸಿ ರೊಟ್ಟಿ ಮಾಡ್ತೀನಿ. ಕೈ ತೊಳಕೋರಿ."

ಬೇಡ ಅನ್ನಲಾಗುವುದಿಲ್ಲ. ನಮ್ಮ ಕಡೆ ಜಗಳಕ್ಕೆ ಬಂದವನೂ ಊಟಕ್ಕೆ ಕೂರಿಸಿದರೆ ಕೂರಬೇಕು. ಅಪ್ಪನಿಗೂ ಉಸಿರು ಬಂದಂತಾಯಿತು, ಅನ್ನ ತಿಂದ ಮನೆಗೆ ಕೇಡು ಬಗೆಯಲಾರ ಎಂದು ಅವನ ಲೆಕ್ಕ. ನಾನು ಅವ್ವನ ಹಿಂದೆ ಅಡುಗೆಮನೆಗೆ ಹೋದೆ. ರೊಟ್ಟಿ ಬುಟ್ಟಿಯ ಮೇಲಿನ ಬಟ್ಟೆ ಸರಿದಿತ್ತು. ಬುಟ್ಟಿ ತುಂಬ ರೊಟ್ಟಿ.

"ಯವ್ವಾ, ರೊಟ್ಟಿ ಅದಾವಲ್ಲ, ಆಗ್ಲೇ ಮಾಡಿದ್ದು?"

"ಬಂದವರಿಗಿ ಆರಿದ ರೊಟ್ಟಿ ಹಾಕ್ತಾರೇನು? ಬಾಯಿ ಮುಚ್ಚಿ ನೀರು ತಾ."

ಬಟ್ಟೆಯನ್ನು ಬುಟ್ಟಿಯ ಮೇಲೆ ಸರಿಯಾಗಿ ಹೊದಿಸಿದಳು. ಪಲ್ಲೆಯ ತಟ್ಟೆಯನ್ನು ನನ್ನ ಕೈಲಿ ಪಡಸಾಲೆಗೆ ಕಳಿಸಿ, ಹಿಟ್ಟಿಗೆ ಕುದಿನೀರು ಹಾಕಿ ನಾದಿದಳು. ಉಂಡೆ ಕಟ್ಟಿ ಕಲ್ಲಿನ ಮೇಲಿಟ್ಟಳು. ಬಡಿದಳು.

ಮೊದಲ ಏಟಿಗೆ ಪಡಸಾಲೆಯಲ್ಲಿ ಟಿವಿಯ ಉಸುಕು ಸೀಳಿತು. ಒಂದು ಕೆನ್ನೆ, ಒಂದು ಕಿವಿಯೋಲೆ ಕಂಡು ಮತ್ತೆ ಉಸುಕಾಯಿತು. ಇನ್ನೊಂದು ಏಟು. ಚಿಕ್ಕವ್ವ! ತಲೆಯ ಮೇಲೆ ಸೆರಗು, ಕೈಯಲ್ಲಿ ಕಾರ್ಡು.

"…ಕಾರ್ಡ್ ಅದ, ಹೆಬ್ಬೆಟ್ಟು ಒತ್ತಿಸ್ಕೊಂಡಾರ, ಅಕ್ಕಿ…"

ಉಸುಕು. ಏಟು.

"…ಮಿಲ್ಲಿನ ಗೇಟಿಗಿ ಹೋಗಿ ನೋಡ್ರಿ…"

ಪಲ್ಲೆಯ ರುಚಿ ನೋಡುತ್ತಿದ್ದ ವೀರೇಶನ ಕೈ ತಟ್ಟೆಯಲ್ಲೇ ನಿಂತಿತು. ಓಣಿಯಲ್ಲಿ ಯಾರೋ "ಬಂತು, ಬಂತು!" ಎಂದರು, ಮತ್ತೆ "ಹೋತು!" ಎಂದರು. ಅವ್ವ ಬಡಿಯುತ್ತಲೇ ಇದ್ದಳು. ಪ್ರತಿ ಏಟಿಗೆ ಊರಿನ ಮನೆಮನೆಯಲ್ಲಿ ಚಿಕ್ಕವ್ವ ಒಂದು ಗಳಿಗೆ ಮುಖ ತೋರಿಸಿ, ಒಂದು ಮಾತಾಡಿ ಮುಳುಗುತ್ತಿದ್ದಳು.

"ಬಸಣ್ಣಾ! ಏನಿದು?"

"ಗ್ವಾಡಿ ನಡಗ್ತದಲ್ಲೋ… ರೊಟ್ಟಿ ಬಡಿಯೋದಕ್ಕ. ನಿಂಗೂ ಗೊತ್ತದ, ಊರಿಗೇ ಗೊತ್ತದ."

"ಹಂಗಾರ ನಿಲ್ಸಂತ ಹೇಳು!"

ಅಪ್ಪ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

"ಸಾಕು ಮಾಡು."

ಅವ್ವ ತಲೆ ಎತ್ತಲಿಲ್ಲ. "ಹಂಚಿನ ಮ್ಯಾಲ ಒಂದು ಅದ, ಕೈಯಾಗ ಒಂದು ಅದ. ನಡುವ ಬಿಟ್ರ ಹರಿತದ." ಬಡಿದಳು. ಪಡಸಾಲೆಯಿಂದ ಚಿಕ್ಕವ್ವನ ದನಿ ಬಂತು, "…ಅಳಿಯಂದು ಅಂತ ಎಲ್ಲಾರಿಗೂ ಗೊತ್ತದ್ರಿ, ಯಾರೂ ಹೇಳಂಗಿಲ್ಲ…"

ಕೋಣೆ ಪಕ್ಕದಲ್ಲೇ ಇತ್ತು. ಅಪ್ಪ ಎರಡು ಹೆಜ್ಜೆ ಹಾಕಿ ವೈರು ದೂರ ಎಳೆದಿದ್ದರೆ ಮುಗಿಯುತ್ತಿತ್ತು. ಎಳೆಯಲಿಲ್ಲ. ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತೇ ಇದ್ದ. ಗಾಬರಿಗೆ ಕಾಲು ಬರಲಿಲ್ಲ ಎಂದು ನಾನು ಅಂದುಕೊಂಡೆ. ಅವ್ವ ಆ ರೊಟ್ಟಿ ಮುಗಿಸಿ ಇನ್ನೊಂದು ಉಂಡೆ ತೆಗೆದುಕೊಂಡಳು. ವೀರೇಶ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಹೇಳಿದ:

"ಅಕಿ ನಿಮ್ಮ ತಂಗಿ ಅಲ್ಲೇನ್ರಿ ಅಕ್ಕಾ? ಮುಖದ ಕಳಿ ಕಾಣತದ."

ಅವನು ಹೋದ ಮೇಲೆ ಹಂಚಿನ ಮೇಲಿದ್ದ ರೊಟ್ಟಿ ಸೀದು ಮನೆಯೆಲ್ಲ ವಾಸನೆಯಾಯಿತು.

ಮರುದಿನ ಚಿಕ್ಕವ್ವನ ಫೋನು. ದೇವದುರ್ಗದಲ್ಲಿ ಯಾರಿಗೂ ಏನೂ ಕಾಣಲಿಲ್ಲವಂತೆ, ಇಡೀ ಊರಿನಲ್ಲಿ ಉಸುಕೇ. ನಿನ್ನ ಮುಖ ಎಲ್ಲೂ ಬರಲೇ ಇಲ್ಲ, ಕ್ಯಾಮರಾದವರು ಮೋಸ ಮಾಡಿದರು ಎಂದು ಓಣಿಯವರು ನಕ್ಕರಂತೆ.

"ನೀನರ ನೋಡಿದಿ ಏನು ಯಕ್ಕಾ?"

"ನೋಡಿದೆ. ಹರಕು ಮುರುಕು ಕಂಡಿ. ಮಾತು ಕೇಳಿಸ್ತು. ಇಲ್ಲಿ ಎಲ್ಲಾರೂ ಕೇಳ್ಯಾರ."

ಚಿಕ್ಕವ್ವ ಆ ಕಡೆ ಅತ್ತದ್ದು ನನಗೂ ಕೇಳಿತು.

ಅವತ್ತೇ ಕರೆಂಟಿನ ಇಲಾಖೆಯವರು ಏಣಿ ತಂದರು. ಕಂಬದ ಮೇಲೆ ಅನುಮತಿಯಿಲ್ಲದ ವೈರು ಎಂದು ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಕತ್ತರಿಸುತ್ತ ಬಂದರು. ಅಪ್ಪ ಅವರ ಹಿಂದೆ ಓಡಾಡುತ್ತ, ಕೈಮುಗಿಯುತ್ತ, ಊರೆಲ್ಲ ಕೇಳುವಂತೆ ಕೂಗುತ್ತಿದ್ದ: "ನಾ ಬಂದ್ ಮಾಡಿದ್ದೆನ್ರೀ! ವೀರೇಶನ್ನ ಕೇಳ್ರಿ! ನನ್ನ ಹೆಂಡತಿ ಬುದ್ಧಿಗೇಡಿ, ಅಕಿ ರೊಟ್ಟಿ ಬಡದು ಹಿಂಗಾತು!" ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೀದಿಯಲ್ಲಿ ವೈರು ಸತ್ತ ಹಾವಿನಂತೆ ಬಿದ್ದಿತ್ತು.

ನಾವು ಅಂದುಕೊಂಡಿದ್ದು ಅಷ್ಟಕ್ಕೆ ಮುಗಿಯಿತು ಎಂದು. ಆದರೆ ಸಂಜೆ ಧಾರಾವಾಹಿಯ ಹೊತ್ತಾಯಿತು. ಮರುದಿನವೂ ಆಯಿತು. ಅದರ ಮರುದಿನ ಖೈರೂನಬಿ ಮಲಾರವನ್ನು ಮನೆಯಲ್ಲೇ ಬಿಟ್ಟು, ಓಣಿಯ ಹೆಂಗಸರನ್ನು ಕಟ್ಟಿಕೊಂಡು ತಾಲೂಕು ಕಚೇರಿಗೆ ಹೋದಳು. ಅವ್ವನ ಸೆರಗು ಹಿಡಿದು ನಾನೂ ಹೋಗಿದ್ದೆ. ಅಕ್ಕಿಯ ಮಾತು ಎತ್ತುತ್ತಾರೆ ಎಂದು ಅವ್ವ ಕಾಯುತ್ತಿದ್ದಳು. ಸಾಹೇಬರು ಹೊರಗೆ ಬಂದರು.

"ಏನ್ರಮ್ಮ, ಏನು ತೊಂದರೆ?"

"ನಮ್ದು ಸೀರಿಯಲ್ ನಿಂತದ ಸಾಹೇಬ್ರ! ಅಕಿಗಿ ಹೆರಿಗಿ ಬ್ಯಾನಿ ಶುರು ಆಗ್ಯಾದ, ಮೂರು ದಿನ ಆತು ಗಂಡೋ ಹೆಣ್ಣೋ ಗೊತ್ತಿಲ್ಲ!"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಗುತ್ತಲೇ ಹೆಂಗಸರು ಮೆಟ್ಟಿಲ ಮೇಲೆ ಕೂತರು, ಮತ್ತೆ ಏಳಲಿಲ್ಲ. ಬರುವ ದಿನಗಳಲ್ಲಿ ಚುನಾವಣೆ ಇತ್ತು. ಆ ಮೆಟ್ಟಿಲ ಮೇಲಿನ ಮಂದಿ ದೊಡ್ಡವರಿಗೂ ಬೇಕಾಗಿತ್ತು. ಸಂಜೆಯೊಳಗೆ ವೀರೇಶನೇ ಬಂದು ಅಪ್ಪನನ್ನು ಕರೆದುಕೊಂಡು ಹೋದ. ವೈರು ಮತ್ತೆ ಕಂಬ ಏರಿತು. ಆ ವಾರ್ತೆ ಚಾನೆಲ್ ಮಾತ್ರ ನಮ್ಮ ಮನೆಯಿಂದ ಮತ್ತೆಂದೂ ಊರಿಗೆ ಹೋಗಲಿಲ್ಲ. ಅದರ ಜಾಗದಲ್ಲಿ ಭಕ್ತಿಗೀತೆಗಳ ಚಾನೆಲ್ ಬಂತು. ಅಪ್ಪ ರಾಯಚೂರಿನಿಂದ ಸಾಮಾನು ತಂದು ಕೊನೆಯ ಡಬ್ಬಿಗೆ ಬೆಸುಗೆ ಹಾಕಿದ, ಕೆಳಗೆ ದಪ್ಪ ರಬ್ಬರ್ ಇಟ್ಟ. ಅವ್ವ ಎಷ್ಟು ಬಡಿದರೂ ಚಿತ್ರ ಅಲುಗಲಿಲ್ಲ. ಯಾರೂ ಅದರ ಬಗ್ಗೆ ಕೇಳಲಿಲ್ಲ. ಧಾರಾವಾಹಿಯವಳಿಗೆ ಗಂಡು ಹುಟ್ಟಿತ್ತು.

ಆಮೇಲಿನ ವರ್ಷಗಳಲ್ಲಿ ಮನೆಯಲ್ಲಿ ಏನೇ ಕೆಟ್ಟರೂ ಅಪ್ಪ "ಇಕಿ ರೊಟ್ಟಿ ಬಡದಂಗಾತು" ಅನ್ನುತ್ತಿದ್ದ. ನೆಂಟರ ಮುಂದೆ ಅದು ತಮಾಷೆ, ಜಗಳದಲ್ಲಿ ಅದು ಏಟು. ಅವ್ವ ಯಾವತ್ತೂ ತಿರುಗಿ ಮಾತಾಡಲಿಲ್ಲ. ಬುಟ್ಟಿಯ ವಿಷಯ ನಾನೂ ಎತ್ತಲಿಲ್ಲ, ಅದು ಅವಳ ವಿಷಯವಾಗಿತ್ತು. ಆದರೆ ಆ ದಿನದಿಂದ ಅವಳು ಟಿವಿ ಮುಂದೆ ಕೂರುವುದನ್ನು ಬಿಟ್ಟಳು. ಎಲ್ಲರೂ ನೋಡುವಾಗ ಗೋಡೆಯ ಕಡೆ ಮುಖ ಮಾಡಿ ಅಕ್ಕಿ ಆರಿಸುತ್ತಿದ್ದಳು. ಮಾತು ಆಡುವುದಕ್ಕಿಂತ, ಆಡದೆ ಮಾಡುವುದನ್ನು ನಾನು ಅವಳಿಂದ ಕಲಿತೆ. ಅದು ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ತಿಳಿಯದು.

ಹೋದ ತಿಂಗಳು ಅವ್ವ ಹೋದಳು. ದಿನಕರ್ಮ ಮುಗಿದು ನೆಂಟರು ಚದುರಿದ ಮೇಲೆ ನಾನು ಈಗಿರುವ ರಾಯಚೂರಿಗೆ ವಾಪಸಾಗದೆ ತಮ್ಮನ ಮನೆಯಲ್ಲೇ ಉಳಿದೆ. ಅದೇ ಮನೆ. ಡಬ್ಬಿಗಳ ಕೋಣೆಯಲ್ಲಿ ಈಗ ತಮ್ಮನ ಮಕ್ಕಳು ಓದುತ್ತಾರೆ. ಕೇಬಲ್ಲನ್ನು ಯಾವುದೋ ದೊಡ್ಡ ಕಂಪನಿಗೆ ಮಾರಿ ಬಹಳ ಕಾಲವಾಯಿತು. ವಾರ್ತೆ ಈಗ ಎಲ್ಲರ ಕೈಯ ಮೊಬೈಲಿನಲ್ಲಿದೆ. ಯಾರು ಯಾವುದನ್ನು ಎಲ್ಲಿ ಮುಚ್ಚುತ್ತಾರೆಂದು ಕೇಳಲು ಹೋಗಬೇಕಾದ ಮನೆ ಮಾತ್ರ ಇಲ್ಲ. ಅಪ್ಪ ಪಡಸಾಲೆಯಲ್ಲಿ ಟಿವಿ ಹಚ್ಚಿ, ಅದರ ದನಿ ಪೂರ್ತಿ ಇಳಿಸಿ ಕೂತಿದ್ದ. ನಾನು ಅನ್ನ ಬಡಿಸಿ ತಂದೆ. ತಟ್ಟೆಯನ್ನು ಮುಟ್ಟಲಿಲ್ಲ.

"ಅವತ್ತು ನಾ ವೈರು ಪೂರಾ ತಗದಿದ್ದಿಲ್ಲವ್ವ," ಎಂದ.

ಯಾವತ್ತು ಎಂದು ಕೇಳಬೇಕಾಗಿರಲಿಲ್ಲ.

"ತಗದಂಗ ಮಾಡಿ ಡಬ್ಬಿ ಬಾಯಿಗಿ ತಾಗೂ ತಾಗದಂಗ ಬಿಟ್ಟಿದ್ದೆ. ವೀರೇಶ ಹಿಂದ ನಿಂತಿದ್ದ, ಅವಗ ಕಾಣಲಿಲ್ಲ. ಅಕಿ ಬಡದ್ರ ಬರ್ತದ ಅಂತ ಗೊತ್ತಿತ್ತು. ಬಡೀತಾಳೋ ಇಲ್ಲೋ ಗೊತ್ತಿದ್ದಿಲ್ಲ. ಅಕಿ ಮ್ಯಾಲ ಹಾಕಿದ್ರ ಮಂದಿ ನಗ್ತಾರ, ಮನಿ ಉಳಿತದ ಅಂತ ಹಾಕಿದೆ. ಆಮ್ಯಾಲ ಅದೇ ಬಾಯಿಗಿ ರೂಢಿ ಆತು. ಅಕಿಗಿ ಹೇಳಲೇ ಇಲ್ಲ. ಪಾಪ, ಏನೂ ಅರೀದ ಹೆಣ್ಣಮಗಳು, ಸಾಯತನಕ ಅಕಿಗೇ ಅಂದೆ."

ಟಿವಿಯಲ್ಲಿ ಯಾರೋ ದನಿಯಿಲ್ಲದೆ ಮಾತಾಡುತ್ತಿದ್ದರು.

"ಅವತ್ತು ಬುಟ್ಟಿ ತುಂಬ ರೊಟ್ಟಿ ಇದ್ವು ಯಪ್ಪಾ," ಅಂದೆ. "ಮೊದಲೇ ಮಾಡಿಟ್ಟಿದ್ಲು. ನಾ ಕೇಳಿದ್ರ ಬಾಯಿ ಮುಚ್ಚು ಅಂದ್ಲು."

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಅಡುಗೆಮನೆಯ ಹೊಸ್ತಿಲನ್ನು ನೋಡಿದ, ತಾನು ಅವತ್ತು ಚೌಕಟ್ಟು ಹಿಡಿದು ನಿಂತಿದ್ದ ಜಾಗವನ್ನು. ಕೊನೆಗೆ ಅನ್ನದ ತಟ್ಟೆಯನ್ನು ನನ್ನ ಕಡೆ ಸರಿಸಿದ.

"ಅನ್ನ ಒಲ್ಲೆ. ರೊಟ್ಟಿ ಮಾಡ್ತಿಯೇನು?"

ಬುಟ್ಟಿಯಲ್ಲಿ ತಮ್ಮನ ಹೆಂಡತಿ ಮುಂಜಾನೆ ಮಾಡಿಟ್ಟ ರೊಟ್ಟಿಗಳಿದ್ದವು. ಬಟ್ಟೆ ಮುಚ್ಚಿದೆ. ನೀರು ಕುದಿಸಿ, ಹಿಟ್ಟು ನಾದಿ, ಆ ಕಲ್ಲಿನ ಮುಂದೆ ಕೂತೆ. ಪಡಸಾಲೆಯಿಂದ ಅಪ್ಪನ ದನಿ ಬಂತು:

"ಜೋರ ಬಡಿಯವ್ವ. ಕೇಳಸವಲ್ದು."